ಖಾನಾವಳಿಯ ಅಕ್ಕ ಬಿಟ್ಟ ಗುಳಿಗೆಯ ಕುರಿತು

ಕಳೆದ ವಾರ ಕೊಪ್ಪಳದ ನಮ್ಮ ಕಚೇರಿಯ ಆವರಣದಲ್ಲಿ ಬೇವಿನ ಮರದ ಕಟ್ಟೆಗೆ ಸುಣ್ಣ ಬಳಿದು, ಅದರ ಅಂಚಿಗೆ ಕೆಮ್ಮಣ್ಣಿನ ಪಟ್ಟಿ ಎಳೆಯುವ ಕೆಲಸ ನಡೆದಿತ್ತು. ಮೇಲಧಿಕಾರಿಗಳ ಭೇಟಿ ನಿಗದಿಯಾಗಿದ್ದ ಕಾರಣ ಆ ಕೆಲಸವನ್ನು ಕೈಗೊಳ್ಳಲಾಗಿತ್ತು. ಕಡತವೊಂದನ್ನು ಹಿಡಿದು ಆ ಮಾರ್ಗವಾಗಿ ಹೋಗುತ್ತಿದ್ದಾಗ, ಬಕೆಟ್ಟಿನಲ್ಲಿ ಕಲಸಿಟ್ಟಿದ್ದ ಕೆಮ್ಮಣ್ಣಿನ ಹಸಿ ವಾಸನೆ ಮೂಗಿಗೆ ಬಂತು. ನಿಂತುಬಿಟ್ಟೆ. ಅದೇ ವಾಸನೆಯನ್ನು ಹಲವು ವರ್ಷಗಳ ಹಿಂದೆ ಕುಷ್ಟಗಿಯ ಒಂದು ಖಾನಾವಳಿಯಲ್ಲಿ, ಊಟದ ತಾಟಿನ ಮುಂದೆ ಕುಳಿತು ಆಘ್ರಾಣಿಸಿದ್ದೆ. ಬಳಿಯುತ್ತಿದ್ದವನು ತಲೆಯೆತ್ತಿ, ಏನಾದರೂ ತಪ್ಪಾಗಿದೆಯೇ ಎಂದು ಕೇಳಿದ. ಇಲ್ಲವೆಂದು ಹೇಳಿ ಒಳಗೆ ಬಂದೆ. ಆ ದಿನ ಮತ್ತೆ ಕೆಲಸ ಸಾಗಲಿಲ್ಲ…

ನಾನು ಈ ಹಿಂದೆ ಯಾವ ಲೇಖನವನ್ನೂ ಬರೆದವನಲ್ಲ. ಟಿಪ್ಪಣಿ, ಜ್ಞಾಪನ, ನೆನಪೋಲೆ ಇವುಗಳನ್ನು ಬರೆದು ರೂಢಿಯಿದೆ. ಆದುದರಿಂದ ಈ ಬರಹದಲ್ಲಿ ಕಚೇರಿಯ ಧಾಟಿ ಕಂಡುಬಂದಲ್ಲಿ ಓದುಗರು ಮನ್ನಿಸಬೇಕೆಂದು ಮೊದಲೇ ಕೋರುತ್ತೇನೆ. ಇಲ್ಲಿ ಯಾರ ಹೆಸರನ್ನೂ ಬರೆದಿಲ್ಲ. ಆ ಹೆಣ್ಣುಮಗಳನ್ನು ಊಟಕ್ಕೆ ಬರುವವರೆಲ್ಲ 'ಅಕ್ಕಾರ' ಎಂದೇ ಕರೆಯುತ್ತಿದ್ದುದರಿಂದ, ನಾನೂ ಅಕ್ಕ ಎಂದೇ ಬರೆಯುತ್ತೇನೆ.

ಆಗ ನಾನು ಕುಷ್ಟಗಿಯ ಒಂದು ಕಚೇರಿಗೆ ದ್ವಿತೀಯ ದರ್ಜೆ ಸಹಾಯಕನಾಗಿ ಹೊಸದಾಗಿ ಸೇರಿದ್ದೆ. ನನ್ನ ಊರು ಇರಕಲ್ಲಗಡದ ಸಮೀಪ. ದಿನವೂ ಬಸ್ಸಿನಲ್ಲಿ ಓಡಾಡುವುದು ಆಗದೆಂದು ಕುಷ್ಟಗಿಯಲ್ಲೇ ಒಂದು ಕೋಣೆ ಮಾಡಿಕೊಂಡಿದ್ದೆ. ನನಗೆ ವಹಿಸಿದ್ದು ಆವಕ ಶಾಖೆ. ಹೊರಗಿನಿಂದ ಬಂದ ಪತ್ರಗಳನ್ನು ಒಡೆದು, ಮೊಹರು ಒತ್ತಿ, ಸಂಖ್ಯೆ ಹಾಕಿ, ಯಾವ ಮೇಜಿಗೆ ಸೇರಬೇಕೋ ಅಲ್ಲಿಗೆ ಗುರುತು ಮಾಡಿ ಕಳಿಸುವುದು ನನ್ನ ಕೆಲಸ. ಪ್ರತಿ ಪತ್ರವನ್ನೂ ಪೂರ್ತಿ ಓದುತ್ತ ಕುಳಿತರೆ ಸಂಜೆಯಾದರೂ ಮುಗಿಯುತ್ತಿರಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ಮೊದಲ ದಿನವೇ ನನಗೆ ದಾರಿ ತೋರಿಸಿದ್ದರು. ಪತ್ರದ ಮೇಲ್ಭಾಗದಲ್ಲಿ 'ವಿಷಯ' ಎಂದು ಒಂದು ಸಾಲು ಇರುತ್ತದೆ. ಅದನ್ನು ಓದು, ಗುರುತು ಹಾಕು, ಮುಂದಿನದನ್ನು ತೆಗೆ. ನಾನು ಅದನ್ನು ಬಹಳ ಬೇಗ ಕಲಿತೆ. ಕಲಿತದ್ದು ಕಚೇರಿಯ ಮೇಜಿಗಷ್ಟೇ ಸೀಮಿತವಾಗಿ ಉಳಿಯಲಿಲ್ಲ ಎಂಬುದು ನನಗೆ ಆಗ ಗೊತ್ತಾಗಲಿಲ್ಲ.

ಖಾನಾವಳಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿತ್ತು. ಎರಡು ಸಾಲು ಬೆಂಚು, ಹತ್ತು ಹನ್ನೆರಡು ಜನ ಹಿಡಿಸುವಷ್ಟು ಜಾಗ. ತುದಿಯಲ್ಲಿ ನಡುಗೋಡೆಯಿಲ್ಲದ ಅಡುಗೆಮನೆ. ಅಲ್ಲಿ ಕಟ್ಟಿಗೆ ಒಲೆಯ ಮುಂದೆ ಕುಳಿತು ಅಕ್ಕ ಜೋಳದ ರೊಟ್ಟಿ ತಟ್ಟುತ್ತಿದ್ದರು. ಬಡಿಸುವುದು, ತಾಟು ತೊಳೆಯುವುದು ಅವರ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ, ಕೆಲಸ. ಅಕ್ಕನ ಗಂಡ ತೀರಿಕೊಂಡಿದ್ದರು. ನೆಗೆಣ್ಣಿಯ ಗಂಡ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ಆ ರೊಟ್ಟಿಯೇ ಆ ಖಾನಾವಳಿಯ ಬಂಡವಾಳ. ತೆಳ್ಳಗೆ, ಅಂಚು ಬಿರಿಯದೆ, ಹಂಚಿನ ಮೇಲೆ ಪೂರಿಯಂತೆ ಉಬ್ಬುತ್ತಿತ್ತು. ಹೊರಗೆ ಚಪ್ಪಲಿ ಬಿಡುವಾಗಲೇ ರೊಟ್ಟಿ ತಟ್ಟುವ ಸಪ್ಪಳ ಕೇಳುತ್ತಿತ್ತು. ಲಯ ತಪ್ಪದ ಸಪ್ಪಳ.

ನಾನು ಸಂಕೋಚದ ಮನುಷ್ಯ. ಇನ್ನೊಂದು ರೊಟ್ಟಿ ಬೇಕೆಂದು ಕೇಳಲು ನಾಚಿಕೆಪಟ್ಟು ತಾಟು ನೋಡುತ್ತ ಕುಳಿತಿರುತ್ತಿದ್ದೆ. ಒಂದು ದಿನ ಅಕ್ಕ ಒಲೆಯ ಮುಂದಿನಿಂದಲೇ ನನ್ನನ್ನು ಗಮನಿಸಿ ಹೇಳಿದರು:

"ತಮ್ಮಾ, ಊಟ ಮಾಡಾಕ ಬಂದೀಯೋ, ತಾಟಿಗೆ ಸಹಿ ಮಾಡಾಕ ಬಂದೀಯೋ? ಬೇಕಂದ್ರ ಬೇಕನ್ನು. ಬಾಯಿ ಐತಿಲ್ಲೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂದಿನಿಂದ ನಾನು ಅವರಿಗೆ 'ಕ್ಲರ್ಕ್ ತಮ್ಮ' ಆದೆ. ಓಣಿಯ ಹೆಂಗಸರು ತಂದ ನೋಟಿಸು, ಪಡಿತರದ ಚೀಟಿ, ಬ್ಯಾಂಕಿನ ಪತ್ರ ಇವುಗಳನ್ನು ಊಟವಾದ ನಂತರ ನನ್ನ ಮುಂದೆ ಇಡುವುದು, ನಾನು ಓದಿ ಹೇಳುವುದು ಕ್ರಮೇಣ ವಾಡಿಕೆಯಾಯಿತು. "ನಮ್ಮ ತಮ್ಮ ಓದಿ ಹೇಳ್ತಾನ" ಎಂದು ಅಕ್ಕ ಹೆಮ್ಮೆಯಿಂದ ಹೇಳುತ್ತಿದ್ದುದು ನನಗೆ ಒಳಗೊಳಗೆ ಬಹಳ ಹಿತವಾಗುತ್ತಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ನಾನು ಹೋದ ಎರಡನೆಯ ವರ್ಷ, ಮಿರಗದ, ಅಂದರೆ ಮೃಗಶಿರಾ ಮಳೆ ಶುರುವಾದ ದಿನಗಳಲ್ಲಿ ಅಕ್ಕನಿಗೆ ಸರ್ಪಸುತ್ತು ಆಯಿತು. ಎದೆಯ ಎಡಭಾಗದಿಂದ ಬೆನ್ನಿನವರೆಗೆ ಪಟ್ಟಿ ಕಟ್ಟಿದಂತೆ ನೀರುಬೊಕ್ಕೆಗಳು. ಓಣಿಯ ಕುಂಬಾರ ಅಜ್ಜಿ ದಿನವೂ ಬಂದು ಕೆಮ್ಮಣ್ಣು ಕಲಸಿ ಬೊಕ್ಕೆಗಳ ಸುತ್ತ ಬಳಿದು ಹೋಗುತ್ತಿದ್ದಳು. ಸರ್ಪದ ಹೆಡೆಯೂ ಬಾಲವೂ ಒಂದನ್ನೊಂದು ಮುಟ್ಟಬಾರದೆಂಬುದು ಅವಳ ನಂಬಿಕೆ. ಆ ಲೇಪ ಮೈಮೇಲಿರುವಾಗಲೇ ಅಕ್ಕ ರೊಟ್ಟಿ ತಟ್ಟಿದರು. ಜೋಳದ ಹಿಟ್ಟಿನ ವಾಸನೆ, ಹೊಗೆಯ ವಾಸನೆ, ನಡುವೆ ಹಸಿ ಮಣ್ಣಿನ ವಾಸನೆ… ಎರಡು ಮೂರು ವಾರಗಳಲ್ಲಿ ಬೊಕ್ಕೆಗಳು ಒಣಗಿ ಉದುರಿದವು. ಹೆಡೆ ಬಾಲ ಕೂಡಲಿಲ್ಲ, ನೀನು ಗೆದ್ದೆ ಎಂದು ಅಜ್ಜಿ ಹರಸಿ ಹೋದಳು.

ಬೊಕ್ಕೆ ಹೋದವು, ನೋವು ಹೋಗಲಿಲ್ಲ.

ಅದು ಎಂಥ ನೋವೆಂದು ಅಕ್ಕ ಹೇಳಲು ಯತ್ನಿಸುತ್ತಿದ್ದರು. ಕಾದ ಸೌಟು ಎಳೆದಂತೆ ಎನ್ನುತ್ತಿದ್ದರು, ಮೆಣಸಿನಕಾಯಿ ಅರೆದು ಹಚ್ಚಿದಂತೆ ಎನ್ನುತ್ತಿದ್ದರು. ಸೆರಗು ಸೋಂಕಿದರೂ ಸಹಿಸಲಾಗುತ್ತಿರಲಿಲ್ಲ. ಆದುದರಿಂದ ಎಡಗಡೆ ಬಟ್ಟೆ ಮೈಗೆ ತಾಗದಂತೆ ಎತ್ತಿ ಹಿಡಿದು ಓಡಾಡುತ್ತಿದ್ದರು. ಒಲೆಯ ಝಳ ಎಡಗಡೆಗೆ ಬಡಿಯಬಾರದೆಂದು ಒಲೆಯನ್ನೇ ಒಡೆದು ಬಲಗಡೆಗೆ ಹಾಕಿಸಿದರು. ಅಷ್ಟು ವರ್ಷಗಳ ಅಭ್ಯಾಸ ತಿರುಗುಮುರುಗಾಗಿ, ಕೈ ಚಾಚುವಾಗಲೆಲ್ಲ ತಡವರಿಸುತ್ತಿದ್ದರು. ರೊಟ್ಟಿ ತಟ್ಟುವ ಸಪ್ಪಳ ನಾಲ್ಕು ಏಟಿಗೊಮ್ಮೆ ನಿಲ್ಲುತ್ತಿತ್ತು. ರಾತ್ರಿ ನಿದ್ದೆಯಿಲ್ಲವೆಂದು ಅವರ ಕಣ್ಣುಗಳೇ ಹೇಳುತ್ತಿದ್ದವು.

ನೋಡುವವರಿಗೆ ಮೈಮೇಲೆ ಏನೂ ಕಾಣುತ್ತಿರಲಿಲ್ಲ. ಅಕ್ಕನ ನಿಜವಾದ ಸಂಕಟ ಅಲ್ಲಿಂದ ಶುರುವಾಯಿತು. ಬಂದ ನೆಂಟರು ಗಾಯ ತೋರಿಸು ಎನ್ನುತ್ತಿದ್ದರು, ಇಲ್ಲವೆಂದಾಗ ಮುಖ ಮುಖ ನೋಡಿಕೊಳ್ಳುತ್ತಿದ್ದರು. ನೆಗೆಣ್ಣಿ ಬಡಿಸುತ್ತಲೇ ಒಮ್ಮೆ ನನ್ನ ಹತ್ತಿರ ಹೇಳಿದರು:

"ಹುಣ್ಣು ಮಾದು ಎರಡು ತಿಂಗಳಾತ್ರಿ. ಗಾಯನ ಇಲ್ಲಂದ್ರ ನೋವು ಎಲ್ಲಿಂದ ಬರತೈತಿ? ಒಲಿ ಮುಂದ ಕುಂಡ್ರಾಕ ಬ್ಯಾಸರ ಆಗೈತಿ, ಅಷ್ಟ."

ಅಕ್ಕನಿಗೆ ಅದು ಕೇಳಿಸಿತು. ಅವರು ತಿರುಗಲಿಲ್ಲ. ನನಗೂ ಆ ಮಾತು ಸ್ವಲ್ಪ ಸರಿಯೆನಿಸಿತ್ತು ಎಂಬುದು ಈ ಬರಹದಲ್ಲಿ ನಮೂದಾಗಬೇಕಾದ ಸಂಗತಿ.

ಕಡೆಗೆ ಅಕ್ಕ ಒಬ್ಬರೇ ಬೆಳಗಿನ ಬಸ್ಸಿಗೆ ಕೊಪ್ಪಳಕ್ಕೆ ಹೋಗಿ ಒಬ್ಬ ವೈದ್ಯರಿಗೆ ತೋರಿಸಿಕೊಂಡು ಬಂದರು. ಮರುದಿನ ಊಟಕ್ಕೆ ಹೋದಾಗ ಅವರ ಮುಖದ ಮೇಲೆ ಬಹಳ ದಿನಗಳ ನಂತರ ಕಳೆಯಿತ್ತು. ವೈದ್ಯರು ಹತ್ತಿಯ ಎಳೆಯೊಂದನ್ನು ಮೊದಲು ಬಲಗಡೆ, ನಂತರ ಎಡಗಡೆ ಸೋಂಕಿಸಿದರಂತೆ. ಎಡಗಡೆ ಸೋಂಕಿಸಿದಾಗ ಅಕ್ಕ ಕುರ್ಚಿಯಿಂದ ಎದ್ದೇಬಿಟ್ಟರಂತೆ. ಆಗ ವೈದ್ಯರು ಹೇಳಿದ ಮಾತನ್ನು ಅಕ್ಕ ಆ ದಿನ ಊಟಕ್ಕೆ ಬಂದ ಪ್ರತಿಯೊಬ್ಬರಿಗೂ, ಆದೇಶದ ಪ್ರತಿ ಹಂಚಿದ ಹಾಗೆ, ಒಂದಕ್ಷರ ಬಿಡದೆ ಹೇಳಿದರು.

"'ತೊಗಲು ಮಾದೈತಿ, ಒಳಗಿನ ನರ ಮಾದಿಲ್ಲ. ನಿಮ್ಮ ನೋವು ಖರೇ ಐತ್ರಿ' ಅಂದ್ರು ಡಾಕ್ಟರು. ಕೇಳಿದೇನು ತಮ್ಮಾ? ಖರೇ ಐತಂತ."

ಹೀಗೆ ಹೇಳುವಾಗ ಅವರು ನೆಗೆಣ್ಣಿಯ ಕಡೆ ನೋಡಲಿಲ್ಲ, ಆದರೆ ದನಿ ಆ ಕಡೆಗೇ ಇತ್ತು. ವೈದ್ಯರು ಒಂದು ಸಣ್ಣ ಗುಳಿಗೆಯನ್ನು ಬರೆದುಕೊಟ್ಟಿದ್ದರು. ರಾತ್ರಿ ಮಲಗುವ ಮುಂಚೆ ಒಂದು. ಎರಡು ಮೂರು ವಾರ ಗುಣ ಕಾಣದಿದ್ದರೂ ಬಿಡಬಾರದು, ತಾನಾಗಿ ನಿಲ್ಲಿಸಬಾರದು, ತಿಂಗಳ ನಂತರ ಮತ್ತೆ ಬಂದು ತೋರಿಸಬೇಕು ಎಂದು ತಿಳಿಸಿದ್ದರು.

ಮೊದಲ ವಾರ ಏನೂ ಆಗಲಿಲ್ಲ. ಬೆಳಗ್ಗೆ ಮಂಪರು ಇರುತ್ತದೆಂದು ಅಕ್ಕ ಗೊಣಗಿದರು. ಎರಡನೆಯ ವಾರವೂ ಹೆಚ್ಚೇನಿಲ್ಲ. ಮೂರನೆಯ ವಾರ ಒಂದು ಮಧ್ಯಾಹ್ನ ನಾನು ಹೊರಗೆ ಚಪ್ಪಲಿ ಬಿಡುತ್ತಿದ್ದೆ. ಒಳಗೆ ರೊಟ್ಟಿ ತಟ್ಟುವ ಸಪ್ಪಳ ಕೇಳಿತು. ಏಳು, ಎಂಟು, ಒಂಬತ್ತು ಏಟು… ನಿಲ್ಲಲಿಲ್ಲ. ಒಳಗೆ ಹೋದಾಗ ಅಕ್ಕ ನಕ್ಕರು.

"ನಿನ್ನೆ ಕೋಳಿ ಕೂಗಿದ್ದು ಕೇಳಲಿಲ್ಲ ತಮ್ಮಾ. ಹಂಗ ಮಲಗಿದ್ದೆ."

ನೋವು ಪೂರ್ತಿ ಹೋಗಿರಲಿಲ್ಲ. ಆದರೆ ಒಲೆಯ ಮುಂದೆ ಕುಳಿತು ಕೆಲಸ ಮಾಡುವಷ್ಟು ತಗ್ಗಿತ್ತು. ಸೆರಗನ್ನು ಮೊದಲಿನಂತೆ ಹೊದ್ದಿದ್ದರು. ಆ ಕೆಲವು ದಿನಗಳು ಖಾನಾವಳಿಯಲ್ಲಿ ಹಬ್ಬದ ಹಾಗೆ ಇದ್ದವು ಎಂದರೆ ಉತ್ಪ್ರೇಕ್ಷೆಯಾಗದು.

ಒಂದೇ ತೊಂದರೆ ಉಳಿದಿತ್ತು. ಅಕ್ಕನ ಬಾಯಿ ಸದಾ ಒಣಗುತ್ತಿತ್ತು. ಎಷ್ಟು ನೀರು ಕುಡಿದರೂ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ ಎನ್ನುತ್ತಿದ್ದರು. ರುಚಿ ತಿಳಿಯದೆ ಒಮ್ಮೆ ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟರು. ಅಡುಗೆಯವರಿಗೆ ಇದು ಸಣ್ಣ ತೊಂದರೆಯಲ್ಲ. ಅದರ ಮರುದಿನ, ಖಾನಾವಳಿ ತುಂಬಿದ್ದ ಹೊತ್ತಿನಲ್ಲಿ, ಅಕ್ಕ ಗುಳಿಗೆಯ ಹಾಳೆಯನ್ನು ತಂದು ನನ್ನ ತಾಟಿನ ಪಕ್ಕ ಇಟ್ಟರು.

"ನೀ ಓದಿದವ. ಬಾಯಿ ಒಣಗೂದು ಈ ಗುಳಿಗಿಗೇನು, ಬ್ಯಾರೆ ಏನರ ಆಗೈತೇನು, ನೋಡಿ ಹೇಳು."

ನಾನು ಮೊಬೈಲ್ ತೆಗೆದು ಆ ಗುಳಿಗೆಯ ಹೆಸರನ್ನು ಹುಡುಕಿದೆ. ಅಮಿಟ್ರಿಪ್ಟಿಲಿನ್ ಎಂದಿತ್ತು. ಪುಟ ತೆರೆಯಿತು. ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲು. ಅದರ ಕೆಳಗೆ ಉದ್ದಕ್ಕೂ ಬರಹ. ನಾನು ಮೇಲಿನ ಸಾಲನ್ನು ಓದಿದೆ. ಎಲ್ಲರಿಗೂ ಕೇಳುವ ಹಾಗೆ, ಸ್ವಲ್ಪ ಗತ್ತಿನಿಂದಲೇ ಓದಿದೆ. ಇದು ಮಾನಸಿಕ ಖಿನ್ನತೆಯ ಚಿಕಿತ್ಸೆಗೆ ಬಳಸುವ ಔಷಧ.

"ಹಂಗಂದ್ರ?" ಎಂದರು ಅಕ್ಕ.

"ಮನಸ್ಸಿನ ಕಾಯಿಲೆಗೆ ಕೊಡೂದ್ರಿ ಅಕ್ಕಾರ. ತಲಿಗೆ ಸಂಬಂಧಪಟ್ಟದ್ದು."

ಎದುರು ಬೆಂಚಿನಲ್ಲಿ ವಿದ್ಯುತ್ ಇಲಾಖೆಯ ಲೈನ್‌ಮನ್ ಒಬ್ಬರು ಉಣ್ಣುತ್ತಿದ್ದರು. ಒಳ್ಳೆಯ ಮನುಷ್ಯರು, ಬಾಯಿ ಮಾತ್ರ ಸುಮ್ಮನಿರದು. "ಅದಕ್ಕ ಮತ್ತ, ನಿನ್ನೆ ಸಾರಿಗೆ ಎರಡು ಸಲ ಉಪ್ಪು ಬಿದ್ದಿದ್ದು" ಎಂದರು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಸಾರಿನ ಪಾತ್ರೆ ಹಿಡಿದಿದ್ದ ನೆಗೆಣ್ಣಿ ನಗಲಿಲ್ಲ. "ನಾ ಏನು ಅಂದಿದ್ದೆ" ಎಂದಷ್ಟೇ ಹೇಳಿ ಮುಂದಿನವರಿಗೆ ಬಡಿಸಿದರು.

ಅಕ್ಕ ಗುಳಿಗೆಯ ಹಾಳೆಯನ್ನು ನನ್ನ ತಾಟಿನ ಪಕ್ಕದಿಂದ ಎತ್ತಿಕೊಂಡರು. ಬಹಳ ಮೆಲ್ಲಗೆ, ತಮಗೆ ತಾವೇ ಹೇಳಿಕೊಂಡಂತೆ ಹೇಳಿದರು:

"ಹಂಗಾದ್ರ ಡಾಕ್ಟರೂ ನಂಬಲಿಲ್ಲ."

ನನಗೆ ಆ ಮಾತು ಕೇಳಿಸಿತು, ಅರ್ಥವಾಗಲಿಲ್ಲ. ಬಾಯಿ ಏಕೆ ಒಣಗುತ್ತದೆ ಎಂಬ ಅವರ ಪ್ರಶ್ನೆಗೆ ನಾನು ಉತ್ತರಿಸಲೂ ಇಲ್ಲ. ಉತ್ತರ ಅದೇ ಪುಟದಲ್ಲಿ ನಾಲ್ಕು ಬೆರಳು ಕೆಳಗಿತ್ತು. ಮೊಬೈಲನ್ನು ಜೇಬಿನಲ್ಲಿಟ್ಟು ಮೊಸರನ್ನ ಕಲಸಿಕೊಂಡೆ.

ಅಂದಿನಿಂದ ಅಕ್ಕ ಗುಳಿಗೆ ನಿಲ್ಲಿಸಿದರು. ಒಮ್ಮೆಲೇ ನಿಲ್ಲಿಸಿದ್ದರಿಂದಲೋ ಏನೋ ಮೂರು ನಾಲ್ಕು ದಿನ ಹೊಟ್ಟೆ ತೊಳಸಿ, ಕೈಕಾಲಿಗೆ ಸಮಾಧಾನವಿಲ್ಲದೆ ಒದ್ದಾಡಿದರಂತೆ. ಅದರ ಬೆನ್ನಿಗೇ ನೋವು ಮರಳಿತು. ಸೆರಗು ಮತ್ತೆ ಮೈಯಿಂದ ದೂರವಾಯಿತು. ಏಕೆ ನಿಲ್ಲಿಸಿದಿರಿ ಎಂದು ಕೇಳಿದೆ. ಒಲೆಗೆ ಕಟ್ಟಿಗೆ ತುರುಕುತ್ತ, ನನ್ನ ಕಡೆ ನೋಡದೆ ಉತ್ತರಿಸಿದರು:

"ನನಗ ನೋವು ಐತಿ. ತಲಿ ಕೆಟ್ಟಿಲ್ಲ."

ಮನಸ್ಸಿನ ಗುಳಿಗೆಯಾದರೆ ಬಿಟ್ಟದ್ದೇ ಒಳಿತಾಯಿತೇನೋ ಎಂದು ನಾನು ಸುಮ್ಮನಾದೆ. ಒಂದು ತಿಂಗಳಲ್ಲಿ ರೊಟ್ಟಿ ತಟ್ಟುವ ಕೆಲಸ ನೆಗೆಣ್ಣಿಯ ಕೈಗೆ ಹೋಯಿತು. ಅವರ ರೊಟ್ಟಿ ದಪ್ಪ, ನಡುವೆ ಹಸಿ. ಜನ ಒಬ್ಬೊಬ್ಬರಾಗಿ ಕಡಿಮೆಯಾದರು. ಅಕ್ಕ ಗೋಡೆಗೆ ಬಲಭುಜ ಆನಿಸಿ ಕುಳಿತು ಈರುಳ್ಳಿ ಹೆಚ್ಚುತ್ತಿದ್ದರು. ಹಾಸ್ಯ ನಿಂತುಹೋಗಿತ್ತು. ನಾನು ಮತ್ತೆ ತಾಟು ನೋಡುತ್ತ ಕುಳಿತಿರುತ್ತಿದ್ದೆ, ಯಾರೂ ಏನೂ ಅನ್ನುತ್ತಿರಲಿಲ್ಲ.

ಅದೇ ಸುಮಾರಿಗೆ ಕಚೇರಿಯಲ್ಲಿ ನನ್ನಿಂದ ಒಂದು ಪ್ರಮಾದ ನಡೆಯಿತು. ಒಂದು ಪತ್ರದ ವಿಷಯದ ಸಾಲಿನಲ್ಲಿ ಸಭೆಯ ನಡವಳಿ ಎಂದಿತ್ತು. ನಾನು ಕಡತಕ್ಕೆ ಸೇರಿಸುವಂತೆ ಗುರುತು ಹಾಕಿ ಕಳಿಸಿದ್ದೆ. ಆದರೆ ಕೊನೆಯ ಪ್ಯಾರಾದಲ್ಲಿ ಮೂರು ದಿನಗಳೊಳಗೆ ವರದಿ ಸಲ್ಲಿಸಬೇಕೆಂದು ಇತ್ತು. ಗಡುವು ದಾಟಿಹೋಯಿತು. ನಮ್ಮ ಅಧೀಕ್ಷಕರು ನನ್ನನ್ನು ಕರೆದು ಪತ್ರವನ್ನು ಮುಂದಿಟ್ಟರು. ಬೈಯುವರೆಂದು ಎಣಿಸಿದ್ದೆ. ಅವರು ದನಿಯೇರಿಸದೆ ಕೇಳಿದರು:

"ಮ್ಯಾಲಿನ ಸಾಲು ಓದಿ. ಒಳಗ ಏನೈತಿ ಅಂತ ಯಾರು ಓದಬೇಕ್ರಿ?"

ತಲೆ ತಗ್ಗಿಸಿ ಹೊರಬಂದೆ. ಮೇಜಿಗೆ ಮರಳಿ ಕುಳಿತಾಗ ಕಣ್ಣ ಮುಂದೆ ಬಂದದ್ದು ಆ ಪತ್ರವಲ್ಲ… ದಪ್ಪ ಅಕ್ಷರದ ಆ ಸಾಲು, ಅದರ ಕೆಳಗೆ ನಾನು ಓದದೆ ಬಿಟ್ಟ ಬರಹ. ಮೊಬೈಲ್ ತೆಗೆದು ಅದೇ ಪುಟವನ್ನು ಹುಡುಕಿ, ಜೀವನದಲ್ಲಿ ಮೊದಲ ಬಾರಿಗೆ ಎಂಬಂತೆ, ಕೊನೆಯ ಅಕ್ಷರದವರೆಗೆ ಓದಿದೆ.

ಓದಿ ತಿಳಿದದ್ದನ್ನು ಇಲ್ಲಿ ನಿವೇದಿಸುತ್ತೇನೆ. ನಾನು ವೈದ್ಯನಲ್ಲ. ನಂತರ ಬಲ್ಲವರನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ. ಈ ಗುಳಿಗೆ ಟ್ರೈಸೈಕ್ಲಿಕ್ ಎಂಬ ಗುಂಪಿಗೆ ಸೇರಿದ್ದು. ಅದರ ರಾಸಾಯನಿಕ ರಚನೆಯಲ್ಲಿ ಮೂರು ಉಂಗುರಗಳು ಒಂದಕ್ಕೊಂದು ಕೂಡಿಕೊಂಡಿರುವುದರಿಂದ ಆ ಹೆಸರು. ಮೊದಲಿಗೆ ಇದು ಬಳಕೆಗೆ ಬಂದದ್ದು ಖಿನ್ನತೆಗೇ. ಇಂದಿಗೂ ಕೆಲವರಿಗೆ ಅದಕ್ಕಾಗಿಯೇ, ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಆದರೆ ಬಹಳ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಇದು ನರಗಳು ಮಿದುಳಿಗೆ ಒಯ್ಯುವ ನೋವನ್ನು ತಗ್ಗಿಸುತ್ತದೆ. ಸಕ್ಕರೆ ಕಾಯಿಲೆಯವರ ಪಾದದ ಉರಿಗೆ, ಪದೇಪದೇ ಬರುವ ಅರೆತಲೆನೋವನ್ನು ತಡೆಯಲು, ಸರ್ಪಸುತ್ತು ಮಾದ ನಂತರವೂ ಉಳಿಯುವ ನೋವಿಗೆ ಇದನ್ನು ಕೊಡುವುದುಂಟು. ಇದೇ ಗುಂಪಿನ ಇನ್ನೊಂದು ಗುಳಿಗೆಯನ್ನು ಹಾಸಿಗೆ ಒದ್ದೆ ಮಾಡುವ ಮಕ್ಕಳಿಗೂ ಕೆಲವೊಮ್ಮೆ ಕೊಡುತ್ತಾರಂತೆ. ಬಾಯಿ ಒಣಗುವುದು, ಮಲಬದ್ಧತೆ, ಬೆಳಗಿನ ಮಂಪರು ಇದರ ಸಾಮಾನ್ಯ ಅಡ್ಡಪರಿಣಾಮಗಳು. ಮಿತಿ ಮೀರಿ ತೆಗೆದುಕೊಂಡರೆ ಹೃದಯಕ್ಕೆ ಅಪಾಯ. ಹೃದ್ರೋಗ ಇದ್ದವರು, ಕಣ್ಣಿನ ಒತ್ತಡ ಇದ್ದವರು ವೈದ್ಯರಿಗೆ ಮೊದಲೇ ತಿಳಿಸಬೇಕು. ಸರ್ಪಸುತ್ತಿನ ನಂತರದ ನೋವು ಎಂಬ ಮಾತು ಆ ಪುಟದಲ್ಲಿ ಸ್ಪಷ್ಟವಾಗಿತ್ತು. ವೈದ್ಯರು ಅಕ್ಕನನ್ನು ನಂಬಿದ್ದರು. ನಂಬಿಯೇ ಆ ಗುಳಿಗೆ ಬರೆದಿದ್ದರು.

ಇನ್ನೊಂದು ಮಾತು. ಒಂದು ವೇಳೆ ಖಿನ್ನತೆಗೆಂದೇ ಕೊಟ್ಟಿದ್ದರೂ ಆ ದಿನ ಬೆಂಚಿನ ಮೇಲೆ ಕುಳಿತು ನಗುವಂಥದ್ದು ಏನಿತ್ತು? ಮನಸ್ಸೂ ನೋಯುತ್ತದೆ. ಆ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ಬೇಗನೆ ಖಾನಾವಳಿಗೆ ಹೋದೆ. ಅಕ್ಕ ನೀರಿನ ಹರವಿಯ ಹತ್ತಿರ ಕುಳಿತಿದ್ದರು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಯಾರಿಗೂ ಕೇಳದ ಹಾಗೆ, ಓದಿದ್ದನ್ನೆಲ್ಲ ಹೇಳಿದೆ. ತಪ್ಪು ನನ್ನದು, ಪೂರ್ತಿ ಓದಿರಲಿಲ್ಲ, ಅದು ನರದ ನೋವಿಗೇ ಕೊಟ್ಟದ್ದು, ಬಾಯಿ ಒಣಗುವುದೂ ಅದರಿಂದಲೇ, ಮತ್ತೆ ಕೊಪ್ಪಳಕ್ಕೆ ಹೋಗಿ ಬನ್ನಿ ಎಂದೆ. ಅಕ್ಕ ನನ್ನ ಕಡೆ ತಿರುಗಿದರು. ಬೈಯಲಿಲ್ಲ.

"ಖರೇನ ಹಂಗ ಬರದೈತೇನು?"

"ಖರೇ ಅಕ್ಕಾರ. ನಾನ ಓದೀನಿ."

"ಹಂಗಾದ್ರ ಆವತ್ತು ಎಲ್ಲಾರ ಮುಂದ ಓದಿದೆಲ್ಲ, ಇದನ್ನೂ ಎಲ್ಲಾರ ಮುಂದ ಓದು. ಅಕಿನೂ ಕೇಳಲಿ."

ಅಷ್ಟರಲ್ಲಿ ಜನ ಬರತೊಡಗಿದ್ದರು. ಲೈನ್‌ಮನ್ ಬಂದು ಅದೇ ಬೆಂಚಿನಲ್ಲಿ ಕುಳಿತರು. ನಮ್ಮ ಕಚೇರಿಯ ಇಬ್ಬರು ಬಂದರು. ನೆಗೆಣ್ಣಿ ತಾಟು ಇಡುತ್ತಿದ್ದರು. ಅಕ್ಕ ಗೋಡೆ ಹಿಡಿದು ಎದ್ದು, ಒಲೆಯ ಪಕ್ಕಕ್ಕೆ ಬಂದು ನಿಂತು, ನನ್ನ ಕಡೆ ನೋಡಿದರು. ಎಡಗೈಯಲ್ಲಿ ಸೆರಗನ್ನು ಮೈಯಿಂದ ದೂರ ಹಿಡಿದಿದ್ದರು.

ನಾನು ಮೊಬೈಲ್ ತೆಗೆದೆ. ಪುಟವೂ ತೆರೆದಿತ್ತು. ಎದ್ದು ನಿಂತು ಹೇಳಬೇಕಾದದ್ದು ನಾಲ್ಕೇ ಮಾತು. ಆದರೆ ಹೇಳಿದರೆ, ಮೊದಲು ಓದಿದ್ದು ತಪ್ಪು ಎಂದೂ ಹೇಳಬೇಕಿತ್ತು. ಹಿಂದಿನ ದಿನವಷ್ಟೇ ಅಧೀಕ್ಷಕರ ಮುಂದೆ ತಲೆ ತಗ್ಗಿಸಿದ್ದೆ. ಆ ಸುದ್ದಿ ತಿಳಿದಿದ್ದ ಇಬ್ಬರು ಎದುರಿಗೇ ಕುಳಿತಿದ್ದರು. ಇಲ್ಲಿಯೂ ಪೂರ್ತಿ ಓದಲಿಲ್ಲವಾ ಎಂದು ಅವರು ನಗುವುದು ಕಿವಿಗೆ ಕೇಳಿದಂತಾಯಿತು…

"ನಾಳಿಗೆ ಓದ್ತೀನ್ರಿ ಅಕ್ಕಾರ" ಎಂದೆ.

ಅಕ್ಕ ತಲೆಯಾಡಿಸಿದರು. ಮತ್ತೆ ಹೋಗಿ ಹರವಿಯ ಹತ್ತಿರ ಕುಳಿತರು.

ಮರುದಿನ ನಾನು ಬೇರೆ ಕಡೆ ಉಂಡೆ. ಅದರ ಮರುದಿನವೂ. ಹದಿನೈದು ದಿನ ಹೀಗೇ ಕಳೆದವು. ಒಮ್ಮೆ ಆ ರಸ್ತೆಯ ತಿರುವಿನವರೆಗೆ ಹೋಗಿ ಮರಳಿದೆ. ಅಷ್ಟರಲ್ಲಿ ನನ್ನನ್ನು ನಿಯೋಜನೆಯ ಮೇರೆಗೆ ಯಲಬುರ್ಗಾಕ್ಕೆ ಕಳಿಸುವ ಆದೇಶ ಬಂತು. ಆದೇಶ ಕೈಗೆ ಸಿಕ್ಕಾಗ ನನಗಾದದ್ದು ಸಮಾಧಾನ. ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಬಿಡುಗಡೆಯಾದ ದಿನ ಎಲ್ಲರಿಗೂ ಹೇಳಿ ಹೊರಟೆ, ಖಾನಾವಳಿಗೆ ಮಾತ್ರ ಹೋಗಲಿಲ್ಲ.

ಮುಂದಿನ ವರ್ಷ ಸಭೆಯೊಂದಕ್ಕಾಗಿ ಕುಷ್ಟಗಿಗೆ ಹೋದಾಗ ಖಾನಾವಳಿಯ ಜಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿಯಿತ್ತು. ರೊಟ್ಟಿ ನಡೆಯದೆ ಮುಚ್ಚಿದರು, ಇಬ್ಬರೂ ಗಂಗಾವತಿಗೆ ಹೋದರು ಎಂದು ಪಕ್ಕದವರು ಹೇಳಿದರು. ಗಂಗಾವತಿ ದೂರವೇನಲ್ಲ. ಹುಡುಕಿದ್ದರೆ ಸಿಗುತ್ತಿದ್ದರು. ನಾನು ಹುಡುಕಲಿಲ್ಲ. ನಂತರ ಮದುವೆಯಾಯಿತು, ಕೊಪ್ಪಳಕ್ಕೆ ವರ್ಗವಾಯಿತು, ವರ್ಷಗಳು ಸರಿದವು.

ಹೋದ ವರ್ಷ ಒಂದು ಹುಣ್ಣಿಮೆಯ ಬೆಳಗ್ಗೆ ಹೆಂಡತಿಯೊಡನೆ ದೇವಿಯ ದರ್ಶನಕ್ಕೆಂದು ಹುಲಿಗಿಗೆ ಹೋಗಿದ್ದೆ. ಹೊಳೆಯ ಮೆಟ್ಟಿಲ ಮೇಲೆ ಜನ ಕಿಕ್ಕಿರಿದಿದ್ದರು. ಒದ್ದೆ ಸೀರೆಯ ಸೆರಗು ಹಿಂಡುತ್ತಿದ್ದ ಒಬ್ಬ ಹೆಂಗಸು ನನ್ನನ್ನು ದಿಟ್ಟಿಸಿ ನೋಡಿ, "ಕ್ಲರ್ಕ್ ತಮ್ಮ ಅಲ್ಲೇನ್ರಿ?" ಎಂದರು. ನೆಗೆಣ್ಣಿ. ಕೂದಲು ಪೂರ್ತಿ ಹಣ್ಣಾಗಿತ್ತು. ಅಕ್ಕ ಹೇಗಿದ್ದಾರೆ ಎಂದು ಕೇಳುವ ಮೊದಲೇ ಅವರ ಮುಖ ನೋಡಿ ತಿಳಿಯಿತು. ಎರಡು ವರ್ಷದ ಹಿಂದೆ, ನಾಲ್ಕು ದಿನದ ಜ್ವರದಲ್ಲಿ ಹೋದರಂತೆ. ನೋವಿಗೂ ಆ ಜ್ವರಕ್ಕೂ ಸಂಬಂಧವಿರಲಿಲ್ಲ ಎಂದು ಅವರೇ ಹೇಳಿದರು. ನಂತರ ಸ್ವಲ್ಪ ತಡೆದು ಹೇಳಿದರು:

"ಕಡೀತನಕ ಎಡಗಡೆ ಸೆರಗು ಹಾಕಲಿಲ್ಲರಿ. ಹೆಣಕ್ಕ ಹೊಚ್ಚುವಾಗ ನನ್ನ ಕೈ ಹಿಂದ ಬಂತು ನೋಡ್ರಿ, ಎಲ್ಲಿ ನೋಯತೈತೋ ಅಂತ."

ಅವರೇ ಕೇಳಿದರು, ಆ ಗುಳಿಗೆ ನಿಜವಾಗಿಯೂ ನೋವಿನದೇ ಎಂದು. ನಾನು ಹೌದೆಂದೆ. ಓದಿದ್ದನ್ನೆಲ್ಲ ಹೇಳಿದೆ, ನನ್ನ ತಪ್ಪನ್ನೂ ಹೇಳಿದೆ. ನೆಗೆಣ್ಣಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಅಕಿ ಹೇಳಿದ್ಲು ನನ್ನ ಮುಂದ. ತಮ್ಮ ಬಂದಿದ್ದ, ನೋವಿಂದ ಗುಳಿಗಿ ಅಂತ ಹೇಳಿ ಹೋದ ಅಂತ. ನಾ ನಂಬಲಿಲ್ಲರಿ. ನಿನಗ ಸಮಾಧಾನ ಆಗಲಿ ಅಂತ ಕಿವ್ಯಾಗ ಹೇಳ್ಯಾನ, ಖರೇ ಇದ್ದಿದ್ರ ಎಲ್ಲಾರ ಮುಂದ ಹೇಳ್ತಿದ್ದ ಅಂದೆ."

ಒದ್ದೆ ಸೆರಗನ್ನು ಮತ್ತೊಮ್ಮೆ ಹಿಂಡಿದರು.

"ಆಮ್ಯಾಲೆ ಅಕಿ ಆ ಮಾತು ತಗೀಲಿಲ್ಲ. ದವಾಖಾನಿಗೂ ಹೋಗಲಿಲ್ಲ."

ಅವರು ನನ್ನನ್ನು ದೂರಲಿಲ್ಲ. ತಮ್ಮನ್ನೇ ದೂರಿಕೊಂಡು ಕಣ್ಣೊರೆಸಿಕೊಂಡರು. ಬಸ್ಸಿಗೆ ಹೊತ್ತಾಯಿತೆಂದು ಜೊತೆಯವರು ಕರೆದಾಗ ಎದ್ದು ಹೋದರು. ನನ್ನ ಹೆಂಡತಿ ಯಾರವರು ಎಂದು ಕೇಳಿದಳು. ಮನೆ ಮುಟ್ಟಿದ ಮೇಲೆ ಹೇಳಿದೆ.

ಈಗ ನಾನು ಪ್ರಥಮ ದರ್ಜೆ ಸಹಾಯಕ. ನನ್ನ ಮೇಜಿಗೆ ಬರುವ ಪತ್ರಗಳನ್ನು ಕೊನೆಯ ಸಾಲಿನವರೆಗೆ ಓದುತ್ತೇನೆ, ಅದರಿಂದ ಕೆಲಸ ತಡವಾಗುತ್ತದೆಂದು ಮಾತು ಕೇಳುತ್ತೇನೆ. ಅದರಿಂದ ಯಾರಿಗೂ ಏನೂ ಮರಳಿ ಬರುವುದಿಲ್ಲ. ಕಳೆದ ವಾರದಿಂದ ಈ ನಾಲ್ಕು ಪುಟಗಳನ್ನು ಬರೆದು, ಹರಿದು, ಮತ್ತೆ ಬರೆದಿದ್ದೇನೆ. ಕುಷ್ಟಗಿಯ ಆ ಖಾನಾವಳಿಯಲ್ಲಿ ಉಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಮಧ್ಯಾಹ್ನ ನಕ್ಕವರಿದ್ದರೆ, ಅವರ ಗಮನಕ್ಕೆ ಈ ಮೂಲಕ ತರಬಯಸುವುದೇನೆಂದರೆ, ಅಂದು ನಾನು ಓದಿದ್ದು ಅರ್ಧ. ವೈದ್ಯರು ಆ ಗುಳಿಗೆಯನ್ನು ಕೊಟ್ಟದ್ದು ನೋವಿಗೆ. ಅಕ್ಕ ಸುಳ್ಳು ಹೇಳಿರಲಿಲ್ಲ, ನಟಿಸಿರಲಿಲ್ಲ, ಒಲೆಗೆ ಬೇಸತ್ತಿರಲಿಲ್ಲ.

ಇದನ್ನು ಕೇಳಬೇಕಾಗಿದ್ದವರು ಒಲೆಯ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಾಗ ನಾನು ನಾಳೆ ಎಂದಿದ್ದೆ. ಅವರಿಗೆ ನೋವಿತ್ತು. ಆ ನೋವು ನಿಜವಾಗಿತ್ತು.